ಹಕ್ಕಿ ಎದ್ದ ಮೇಲೆ ಪುರಾಣ

ಗದಗ ಸೀಮೆಯಲ್ಲಿ ಹಸಿರು ಪಾರಿವಾಳದ ಬದುಕನ್ನು ಮರದ ಬುಡದಲ್ಲಿ ಕುಳಿತೇ ಅರಿತವರೆಂದರೆ ಮೊದಲು ನೆನಪಾಗುವವರು, ಮುಂಡರಗಿಯ ಪ್ರೌಢಶಾಲೆಯಿಂದ ಈಗ ನಿವೃತ್ತರಾಗುತ್ತಿರುವ ಜೀವಶಾಸ್ತ್ರದ ಶಿಕ್ಷಕಿ ಶ್ರೀಮತಿ ಕಾಂಚನಾ ಬಳಿಗಾರ ಅವರು. ಶಿರಹಟ್ಟಿಯಲ್ಲಿ ಸೇವೆಗೆ ಸೇರಿದ ದಿನಗಳಲ್ಲೇ ಅವರು ಮಕ್ಕಳನ್ನು ಆಲದ ಮರದಡಿ ನಿಲ್ಲಿಸಿ, ಎಲೆ ಯಾವುದು ಹಕ್ಕಿ ಯಾವುದು ಹೇಳಿರೆಂದು ಕೇಳುತ್ತಿದ್ದರು. ಹಳದಿ ಕಾಲಿನ ಈ ಹಕ್ಕಿ ಕಾಳು ಹೆಕ್ಕಲು ಅಂಗಳಕ್ಕೆ ಇಳಿಯುವಂಥದಲ್ಲ. ಆಲ, ಅರಳಿ, ಅತ್ತಿಯ ಹಣ್ಣೇ ಅದರ ಅನ್ನ, ಕೊಂಬೆಯೇ ಅದರ ನೆಲ. ಲಕ್ಷ್ಮೇಶ್ವರದಲ್ಲಿದ್ದಾಗ ಬಸ್ಸು ತಪ್ಪಿದ ಹುಡುಗಿಯರಿಗೆ ಮನೆಯಲ್ಲೇ ರೊಟ್ಟಿ ಬಡಿದು ಹಾಕಿ ಓದಿಸಿದವರೂ ಅವರೇ.

ಅವರ ವಿದ್ಯೆಯ ಬೆಲೆ ಹಮ್ಮಿಗಿಯ ಹಿರಿಯರಾದ ನಿಜಲಿಂಗಪ್ಪನವರಿಗೆ ತಿಳಿದದ್ದು ಕಳೆದ ವೈಶಾಖದಲ್ಲಿ. ಲಿಂಗೈಕ್ಯರಾದ ಮಡದಿ ಅನ್ನಪೂರ್ಣವ್ವನ ನೆನಪಿಗೆ ಅವರು ಆಲದ ಕಟ್ಟೆಯ ಮೇಲೆ ಪುರಾಣ ಹಚ್ಚಿಸಿದ್ದರು. ಆಕೆ ವರ್ಷ ವರ್ಷವೂ ಪುರಾಣ ಕೇಳುತ್ತಿದ್ದ ಕಟ್ಟೆ ಅದು. ಮರವಂತೂ ಹಣ್ಣಾಗಿ ಕೆಂಪೇರಿತ್ತು, ಹಸಿರು ಪಾರಿವಾಳದ ಹಿಂಡು ಮುತ್ತಿತ್ತು. ಸಂಜೆ ಐದಕ್ಕೆ ಅವನ್ನು ಓಡಿಸಲೆಂದು ಊರಿನ ಮೂಕಪ್ಪ ಜಾಗಟೆ ಬಡಿದ, ಮರವೆಲ್ಲ ಗಪ್ಪಾಯಿತು.

“ಹೋದ್ವು ನೋಡ್ರಿ, ಇನ್ನ ಸುರು ಮಾಡ್ರಿ,” ಎಂದು ಮೀಸೆ ತಿರುವಿದ.

ಪುರಾಣ ಹೇಳುವ ಶಾಸ್ತ್ರಿಗಳು ಮೊದಲ ಪದ್ಯ ಮುಗಿಸುವಷ್ಟರಲ್ಲಿ ಅವರ ಪೇಟದ ಮೇಲೆ ಹಣ್ಣು ಬಿತ್ತು. ಅನ್ನಪೂರ್ಣವ್ವನ ಭಾವಚಿತ್ರದ ಮೇಲೆ ಹಿಕ್ಕೆ ಬಿತ್ತು.

“ಮೂಕಣ್ಣಾ, ನಿನ್ನ ಜಾಗಟಿಗೆ ಅವು ಬಹುಮಾನ ಕೊಡಾಕತ್ತಾವ!” ಎಂದು ಹೆಂಗಸರು ನಕ್ಕರು. ನಿಜಲಿಂಗಪ್ಪನವರು ನಗಲಿಲ್ಲ. ಬೆಳಗಾಗುತ್ತಲೇ ಕಟ್ಟೆಯ ಮೇಲೆ ಚಾಚಿದ ಆ ಕೊಂಬೆ ಕಡಿಯಿರೆಂದು ಹೇಳಿ ಎದ್ದುಹೋದರು.

ಕಾಂಚನಾ ಅವರ ಹಳೆಯ ವಿದ್ಯಾರ್ಥಿಯಾದ ಮೂಕಪ್ಪನೇ ಅವರಿಗೆ ಸುದ್ದಿ ಮುಟ್ಟಿಸಿದ. ಕೊಡಲಿಗಿಂತ ಮೊದಲೇ ಬಂದ ಅವರು ಕೊಂಬೆಯ ತುದಿಯಲ್ಲಿದ್ದ ಕಡ್ಡಿಗಳ ತೆಳು ಗೂಡನ್ನು ತೋರಿಸಿದರು. ಸಂದಿಯಲ್ಲಿ ಎರಡು ಬಿಳಿ ಮೊಟ್ಟೆ ಕೆಳಗಿನಿಂದಲೇ ಕಾಣುತ್ತಿದ್ದವು.

“ಅಂಜಿದ್ರ ಇವು ಹಾರೂದಿಲ್ಲ, ಎಲಿ ಆಗಿ ಕುಂಡರತಾವ. ಸಾಲ್ಯಾಗ ಕಲಿಸಿದ್ದು ಮರತೇನೋ ಮೂಕಪ್ಪ?”

“ಮರತಿಲ್ರೀ ಟೀಚರ್, ಅವತ್ತ ನಾ ಸಾಲಿಗೇ ಬಂದಿದ್ದಿಲ್ಲ!”

ನಿಜಲಿಂಗಪ್ಪನವರು ಮೆಲ್ಲಗೆ ಅಂದರು: “ಆಕಿ ಫೋಟೋ ಹೊಲಸಾತು ತಂಗಿ. ತಡಕೊಳ್ಳಾಕ ಆಗಲಿಲ್ಲ.”

ಕಾಂಚನಾ ವಾದ ಮಾಡಲಿಲ್ಲ. “ಒಂದ ಸಂಜಿ ಕೊಡ್ರಿ, ಯಜಮಾನ್ರ. ಹೊತ್ತು ಮುಣಗೂತನಾ ತಿಂದು, ಮಲಗಾಕ ಹೊಳಿ ಆಚಿ ಹೋಗತಾವ. ಪುರಾಣ ಆಮ್ಯಾಲ ಹಚ್ಚರಿ.”

ಆ ಸಂಜೆ ನಿಜಲಿಂಗಪ್ಪನವರೂ ಕಾಂಚನಾ ಅವರೂ ಕಟ್ಟೆಯ ಮೇಲೆ ಕಾದರು. ಸೂರ್ಯ ತುಂಗಭದ್ರೆಗೆ ತಾಗುತ್ತಿದ್ದಂತೆ ಮರವೇ ಎದ್ದಂತೆ ಹಿಂಡು ಎದ್ದು ಹೊಳೆ ದಾಟಿತು. ದೀಪ ಹಚ್ಚಿದರು, ಪುರಾಣ ಸಾಗಿತು, ಭಾವಚಿತ್ರದ ಮೇಲೆ ಒಂದು ಕಸವೂ ಬೀಳಲಿಲ್ಲ. ಗೂಡಿನಲ್ಲಿ ಕಾವು ಕೊಡುವ ಹಕ್ಕಿ ಮಾತ್ರ ಉಳಿದಿತ್ತು. ನಿಜಲಿಂಗಪ್ಪನವರು ಅದನ್ನೇ ನೋಡಿದರು.

“ನಮ್ಮಾಕಿನೂ ಹಿಂಗ. ಮಂಗಳ ಹಾಡೂತನಾ ಅಳ್ಳಾಡತಿದ್ದಿಲ್ಲ.”

ಮರಿಗಳು ಹಾರಿದವು; ಕೊಂಬೆ ಉಳಿಯಿತು. ಭಗವಂತನು ಕಾಂಚನಾ ಅವರಿಗೆ ನೂರು ವರುಷದ ಆಯುಷ್ಯವನ್ನೂ, ಮರದ ತುದಿ ಕಾಣುವ ಕಣ್ಣನ್ನೂ ಕೊಡಲಿ. ಶಾಲೆ ಅವರನ್ನು ಬಿಟ್ಟುಕೊಡಬಹುದು, ಕಟ್ಟೆ ಬಿಡದು. ನಿಜಲಿಂಗಪ್ಪನವರು ಈ ಸಲದ ಪುರಾಣದ ಮೊದಲ ಆಮಂತ್ರಣವನ್ನು ಅವರ ಕೈಗೇ ಕೊಟ್ಟು ಬಂದಿದ್ದಾರೆ. ಅದರಲ್ಲಿ ಗಂಟೆ ಅಚ್ಚಾಗಿಲ್ಲ. ವೇಳೆ ಎಂಬಲ್ಲಿ “ಹಕ್ಕಿ ಎದ್ದ ಮೇಲೆ” ಎಂದಿದೆ.