ಮೇಸ್ತ್ರಿ ಮುಟ್ಟದ ತುತ್ತು

ನನ್ನ ಹೆಂಡತಿಯ ಅಣ್ಣ ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಉಂಡ. ಒಂದು ದಿನವಾದರೂ ನನ್ನ ಮನೆಯಲ್ಲಿ ನನ್ನನ್ನು ಮೊದಲು ಉಣ್ಣಲು ಬಿಟ್ಟನೇ? ಇಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಭಾವ ಬೇರೆಯವರ ಕುರಿ ಕಾಯುತ್ತಲೇ ಮುದುಕನಾದವನು. ಮೊಣಕಾಲು ಸವೆದ ಮೇಲೆ ತಂಗಿಯ ಮನೆಗೆ ಬಂದ. ತಂದ ಆಸ್ತಿ ಒಂದು ಕೋಲು, ಒಂದು ಕಪ್ಪು ನಾಯಿ. ಅವನ ಕಸುಬಿನಲ್ಲಿ ಮೊದಲ ತುತ್ತು ನಾಯಿಗಂತೆ. ಅದು ತಿನ್ನುವ ತನಕ ಯಾರೂ ತಟ್ಟೆ ಮುಟ್ಟಬಾರದಂತೆ.

"ನಾಯಿ ಉಂಡ ಮೇಲೆ ನಾನು ಉಣ್ಣಬೇಕಾ ಭಾವ?"

"ಮನುಷ್ಯ ಗುಹೇಲಿ ಗೊರಕೆ ಹೊಡೀತಿದ್ದಾಗ ಬಾಗಿಲು ಕಾದಿದ್ದು ಯಾರಪ್ಪಾ? ನಿಮ್ಮಜ್ಜನಾ?"

ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ನಗುವಿಗೆ ಅವಳ ಬೆನ್ನು ಕುಲುಕುತ್ತಿತ್ತು.

ನನ್ನದು ಮರಗೆಲಸದ ಶೆಡ್ಡು. ಅಲ್ಲಿ ಕುರಿ ಎಲ್ಲಿಂದ ಬರಬೇಕು? ನಾಯಿ ಗಿರಾಕಿಗಳನ್ನೇ ಮೂಲೆಗೆ ಅಟ್ಟತೊಡಗಿತು. ಕುರ್ಚಿ ಕೊಳ್ಳಲು ಬಂದ ವಕೀಲರು ಹಲಗೆಗಳ ನಡುವೆ ಸಿಕ್ಕಿಬಿದ್ದರು. ಅವರು ಹೆಜ್ಜೆ ಎತ್ತಿದರೆ ನಾಯಿ ಎದುರಿಗೆ ಬಂದು ದಿಟ್ಟಿಸುತ್ತಿತ್ತು.

"ಕಚ್ಚಲ್ಲ ಸ್ವಾಮಿ, ಮಂದೆ ಚೆದುರಬಾರದು ಅಂತಾನೆ ಅಷ್ಟೇ," ಎಂದ ಭಾವ.

"ಶನಿವಾರ ಈ ನಾಯಿ ಆಚೆಗೆ!" ಎಂದು ಕೂಗಿದೆ.

"ಅವನು ಹೋದ್ರೆ ನಾನೂ ಹೋದೆ."

ಹೆಂಡತಿಯ ನಗು ನಿಂತಿತು.

ಶುಕ್ರವಾರ ಸಂಜೆಯೊಳಗೆ ಶಾಲೆಗೆ ಬೆಂಚು ಕೊಡಬೇಕಿತ್ತು. ತಪ್ಪಿದರೆ ಆ ಕೆಲಸ ಎದುರು ಬೀದಿಯವನ ಪಾಲು. ನನ್ನ ಮೂವರು ಕೆಲಸಗಾರರೋ, ಚಹಾಕ್ಕೆಂದು ಹೋದವರು ನಾಪತ್ತೆ. ಭಾವ ಒಂದು ಸಿಳ್ಳೆ ಹಾಕಿದ. ನಾಯಿ ಹೋಗಿ ಮೂವರನ್ನೂ ಲೋಟದ ಸಮೇತ ಹೊಡೆದುಕೊಂಡು ಬಂತು, ಜೊತೆಗೆ ಚಹಾದಂಗಡಿಯವನನ್ನೂ. ಮತ್ತೆ ಒಬ್ಬನೂ ಹೊಸ್ತಿಲು ದಾಟಲಿಲ್ಲ.

"ಅಜ್ಜಾ, ಮೂತ್ರಕ್ಕಾದ್ರೂ ಬಿಡೋಕೆ ನಿಮ್ಮ ಮೇಸ್ತ್ರಿಗೆ ಹೇಳಿ!" ಎಂದು ಕೆಲಸಗಾರನೊಬ್ಬ ಭಾವನಿಗೆ ಗೋಗರೆದ.

ಅಂದಿನಿಂದ ನಾಯಿಯ ಹೆಸರು ಮೇಸ್ತ್ರಿ. ಬೆಂಚುಗಳು ಹೊತ್ತು ಮುಳುಗುವ ಮೊದಲೇ ಲಾರಿ ಹತ್ತಿದವು.

"ಇರಲಿ ಬಿಡಿ ಭಾವ, ಇಲ್ಲೇ ಇರಲಿ," ಎಂದೆ. ಭಾವನ ಮುಖ ಅರಳಿತು.

ಊಟಕ್ಕೆ ಕೂತೆವು. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಟ್ಟೆ ಬಂತು, ತುತ್ತು ಬಾಯಿಗೆ ಹೋಯಿತು. ಮೇಸ್ತ್ರಿ ಇನ್ನೂ ಶೆಡ್ಡಿನಲ್ಲಿ ಚಹಾದಂಗಡಿಯವನನ್ನು ಕಾಯುತ್ತಿತ್ತು!

"ದುಡಿದವನು ಹೊರಗಿದಾನೆ, ನೀನು ಅಗೀತಿದೀಯಾ?" ಭಾವ ಕೋಲು ತೆಗೆದುಕೊಂಡು ಎದ್ದ. ತಂಗಿ ಅತ್ತರೂ ನಿಲ್ಲಲಿಲ್ಲ. ನಾಯಿಯೊಂದಿಗೆ ಹಳೆಯ ಧಣಿಯ ಕುರಿ ದೊಡ್ಡಿಗೇ ಹೋಗಿ ಸೇರಿದ.

ಎಷ್ಟು ಸಲ ಕರೆದರೂ ಒಂದೇ ಉತ್ತರ: "ಮೊದಲು ಅವನ ತುತ್ತು ಕೊಡು."

ಹೆಂಡತಿಯ ಕಾಟಕ್ಕೆ ನಾನೇ ಬುತ್ತಿ ಹಿಡಿದು ದೊಡ್ಡಿಗೆ ಹೋದೆ. ಮೇಸ್ತ್ರಿ ತುತ್ತನ್ನು ಮೂಸಿತು. ಮುಟ್ಟಲಿಲ್ಲ. ನನ್ನನ್ನು ಕುರಿಗಳ ನಡುವೆ ಸೇರಿಸಿ, ಬಾಗಿಲಿಗೆ ಅಡ್ಡ ಮಲಗಿತು.