ಹಳ್ಳವೋ ಗಟಾರವೋ

ಗಂಗಾವತಿಯ ಊರೊಳಗೆ ಹರಿಗೋಲು ಇಟ್ಟುಕೊಂಡವನೊಬ್ಬನಿದ್ದಾನೆ ಎಂದರೆ ಜನ ನಗುತ್ತಾರೆ. ಹೊಳೆ ಇರುವುದು ಆನೆಗೊಂದಿಯ ಕಡೆಗೆ. ಊರೊಳಗಿರುವುದು ಅಕ್ಕಿ ಗಿರಣಿ, ಧೂಳು, ಟ್ರ್ಯಾಕ್ಟರು. ಆದರೂ ಮರ್ದಾನಸಾಬನ ಮಾಳಿಗೆಯ ಮೇಲೆ ಹರಿಗೋಲೊಂದು ಬೋರಲು ಬಿದ್ದಿತ್ತು. ಅಪ್ಪ ಖಾಜಾಸಾಬ ಹೊಳೆ ದಾಟಿಸುತ್ತಿದ್ದವನು, ಮಗನೂ ಇಪ್ಪತ್ತು ವರ್ಷ ಅದನ್ನೇ ಮಾಡಿದ. ಸೇತುವೆಯಾಯಿತು, ದಾಟುವವರು ಇಲ್ಲವಾದರು, ಅವನು ಊರಿಗೆ ಬಂದು ಗಿರಣಿಯಲ್ಲಿ ಚೀಲ ಹೊರತೊಡಗಿದ. ಹರಿಗೋಲನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಅದಕ್ಕೆ ಡಾಂಬರು ಬಳಿಯುತ್ತಿದ್ದ, ಹೆಂಡತಿ ಅಮೀನಾಬೀ ಆ ವಾಸನೆಗೆ ಎರಡು ದಿನ ಬೈಯುತ್ತಿದ್ದಳು.

ಅವರ ಮನೆಯ ಬೆನ್ನಿಗೇ ಊರಿನ ಹಳ್ಳ. ಮೇಲಿನ ಗದ್ದೆಗಳಿಗೆ ಕಾಲುವೆ ನೀರು ಬಂದಾಗಿನಿಂದ ಅದು ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಆದರೆ ಎರಡೂ ಕಡೆ ಮನೆಗಳು ಒತ್ತಿಕೊಂಡು, ಬಚ್ಚಲುಗಳು ಬಂದು ಸೇರಿ, ಜನ ಅದನ್ನು ಗಟಾರ ಎನ್ನತೊಡಗಿ ಬಹಳ ದಿನವಾಗಿತ್ತು. ಹಾಗೆ ಕರೆದುಬಿಟ್ಟರೆ ಕಸ ಸುರಿಯಲು ಯಾರಿಗೂ ಸಂಕೋಚವಾಗುವುದಿಲ್ಲ ನೋಡಿ.

ಈಗ ಅದರ ಮೇಲೆ ಕಾಂಕ್ರೀಟು ಹಾಸಿ ಸಾಲಾಗಿ ಅಂಗಡಿ ಕಟ್ಟುವ ಮಾತು ಎದ್ದಿತ್ತು. ಅದರಲ್ಲೊಂದು ಅಮೀನಾಬೀಗೆ ಎಂದು ಓಣಿಯ ಮುಖಂಡ ಗಾಳೇಶ ಹೇಳಿದ್ದ. ಹದಿನಾಲ್ಕು ವರ್ಷದಿಂದ ತಳ್ಳುಗಾಡಿಯಲ್ಲಿ ಬಳೆ ಮಾರುವ ಹೆಂಗಸು ಅವಳು. ಮಧ್ಯಾಹ್ನದ ಹೊತ್ತಿಗೆ ಅವಳ ತಲೆಯ ಮೇಲಿನ ಸೆರಗು ಬೆವರಿಗೆ ಒದ್ದೆಯಾಗಿ, ಮತ್ತೆ ಬಿಸಿಲಿಗೆ ಒಣಗಿ, ಉಪ್ಪಿನ ಗೆರೆ ಎದ್ದಿರುತ್ತಿತ್ತು. ಗಾಳೇಶ ಹೇಳಿದ್ದೇ ತಡ, ಅವಳ ಕಣ್ಣ ಮುಂದೆ ಗೋಡೆ, ಬಳೆ ತೂಗುಹಾಕುವ ಗೂಟ, ಮೇಲೊಂದು ಫ್ಯಾನು ಎಲ್ಲ ಬಂದು ನಿಂತವು.

ತೊಡಕು ಒಂದೇ. ಕಾಗದದಲ್ಲಿ ಅದು ಗಟಾರವಾದರೆ ಮುಚ್ಚಬಹುದು, ಹಳ್ಳವಾದರೆ ಮುಚ್ಚುವ ಹಾಗಿಲ್ಲ. ಅದು ಯಾವುದೆಂದು ನೋಡಿ ಬರೆಯಲು ನಗರಸಭೆಯಿಂದ ಲಲಿತಾ ಎಂಬ ಇಂಜಿನಿಯರು ಬಂದಳು. ಮನೆಗಳ ಗೋಡೆ ನೀರಿಗೇ ಇಳಿದಿದ್ದರಿಂದ ದಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹೀಗಾಗಿ ಹರಿಗೋಲು ಮಾಳಿಗೆಯಿಂದ ಇಳಿಯಿತು. ಹಿಂದಿನ ದಿನವೇ ಗಾಳೇಶ ಬಂದು, ಕೇಳಿದರೆ ಗಟಾರ ಎನ್ನು, ಬರೀ ಬಚ್ಚಲ ನೀರು ಎನ್ನು ಎಂದು ಪಾಠ ಹೇಳಿಹೋಗಿದ್ದ. ಅಮೀನಾಬೀಯ ಎದುರಿಗೇ ಮರ್ದಾನಸಾಬ ಹೂಂ ಎಂದಿದ್ದ. ಹಾಗೇ ಹೇಳುವ ಮನಸ್ಸೂ ಅವನಿಗಿತ್ತು. ಹೆಂಡತಿಗೆ ನೆರಳು ಬೇಕು. ಸೊಳ್ಳೆ ಬಿಟ್ಟರೆ ಈ ಹಳ್ಳದಿಂದ ಅವನಿಗೆ ಬಂದದ್ದಾದರೂ ಏನು?

ಬೆಳಿಗ್ಗೆ ಲಲಿತಾ ಅಂಚು ಗಟ್ಟಿಯಾಗಿ ಹಿಡಿದು ಕುಳಿತಳು. ಮರ್ದಾನಸಾಬ ಹುಟ್ಟು ಎತ್ತಿಕೊಂಡ. ಎಷ್ಟೋ ವರ್ಷದ ಮೇಲೆ ಹರಿಗೋಲು ಕಾಲಡಿ ಅಲುಗಿತು. ಅಷ್ಟೇ ಸಾಕಾಯಿತು. ಅವನು ಬಗ್ಗಿ, ನೀರು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡು ಬಿಸ್ಮಿಲ್ಲಾ ಎಂದುಬಿಟ್ಟಿದ್ದ. ಹೊಳೆಯ ಮೇಲೆ ಅಪ್ಪ ಕಲಿಸಿದ ಪದ್ಧತಿ ಅದು. ಹಾಗೆ ಕಣ್ಣಿಗೊತ್ತಿಕೊಂಡರೆ ನೀರಿಗೆ ಮಾತು ಕೊಟ್ಟಂತೆ, ಆಮೇಲೆ ಅದಕ್ಕೆ ಎರಡು ಬಗೆಯಬಾರದು ಎನ್ನುತ್ತಿದ್ದ ಅಪ್ಪ. ಸಾಬೂನಿನ ನೊರೆ, ಗಿರಣಿಯ ಬೂದಿ ಕೂಡಿದ ನೀರು ಅವನ ರೆಪ್ಪೆಯಿಂದ ಇಳಿಯುತ್ತಿತ್ತು.

"ಗಟಾರಕ್ಕ ಯಾರಾದ್ರೂ ಹಿಂಗ ಮಾಡ್ತಾರೇನ್ರಿ?" ಎಂದಳು ಲಲಿತಾ. ಪಾಪ, ನಗುತ್ತಲೇ ಕೇಳಿದ್ದಳು.

ಅವನು ಹುಟ್ಟು ಹಾಕಿದ. ಇಷ್ಟು ವರ್ಷ ಮುಂಬಾಗಿಲಿನಿಂದ ನೋಡಿದ ಊರು ಈಗ ಬೆನ್ನು ತೋರಿಸುತ್ತಿತ್ತು: ಒಣಹಾಕಿದ ಲಂಗ, ಮಸಿ ಹಿಡಿದ ಅಡುಗೆಮನೆ ಕಿಟಕಿ, ನೀರಿಗೆ ಚಾಚಿದ ಪೈಪು. ಕಸದ ಚೀಲ ಎಸೆಯಲು ಹೊರಬಂದ ಮುದುಕವ್ವ ಹರಿಗೋಲು ಕಂಡು ಚೀಲ ಬೆನ್ನಿಗೆ ಮರೆಮಾಡಿದಳು. ದೊಡ್ಡ ರಸ್ತೆಯ ಸೇತುವೆ ಬಂತು. ತಲೆಯ ಮೇಲೆ ಬಸ್ಸುಗಳು ಗುಡುಗುತ್ತಿದ್ದವು. ಕೆಳಗೆ ನೀರು ಸದ್ದಿಲ್ಲದೆ ಹರಿಗೋಲನ್ನು ಎಳೆದುಕೊಂಡಿತು. ಆ ಎಳೆತ ಅವನ ಮೈಗೆ ಗೊತ್ತಿದ್ದ ಎಳೆತ. ಅವನಿಗೆ ಅಪ್ಪನ ನೆನಪಾಯಿತು, ಹುಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಸೇತುವೆ ದಾಟಿದ ಮೇಲೆ ಲಲಿತಾ ಕಾಗದ ತೆಗೆದು, ಏನೆಂದು ಬರೆಯಲಿ ಎಂದಳು. ಮರ್ದಾನಸಾಬ ಬಾಯಿ ತೆರೆದ. ಗಟಾರ ಎಂಬ ಮಾತು ನಾಲಿಗೆಯವರೆಗೂ ಬಂದಿತ್ತು.

"ಹುಟ್ಟು ನನ್ನ ತೊಡಿ ಮ್ಯಾಲ ಐತಿ ನೋಡ್ರಿ. ಆದ್ರೂ ಹರಿಗೋಲು ಹೊಂಟೈತಿ," ಎಂದ. "ಇದು ಹಳ್ಳರಿ ಮೇಡಂ. ಹಳ್ಳ ಅಂತನ ಬರೀರಿ."

ಮನೆಗೆ ಬಂದು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅಮೀನಾಬೀ ಗಾಡಿಗೆ ಬಳೆ ಜೋಡಿಸುತ್ತಿದ್ದಳು. ಸಣ್ಣ ಸಿಟ್ಟಿಗೆಲ್ಲ ಉರ್ದುವಿನಲ್ಲಿ ಕೂಗಾಡುವವಳು, ನಿಜವಾಗಿ ನೊಂದಾಗ ಕನ್ನಡಕ್ಕೆ ಇಳಿಯುತ್ತಿದ್ದಳು.

"ನೀರಿಗೆ ಕೊಟ್ಟ ಮಾತು ಉಳಿಸ್ಕೊಂಡ್ರಿ. ನನಗ ಕೊಟ್ಟದ್ದು?"

ಸುಳ್ಳು ಹೇಳಲಿಲ್ಲವೆಂಬ ಹೆಮ್ಮೆ ಅವನಿಗೆ ದಾರಿಯುದ್ದಕ್ಕೂ ಇತ್ತು. ಹೇಳಿದ ಒಂದೇ ಸುಳ್ಳು ಹೆಂಡತಿಯ ಎದುರಿಗೆ ಅಂದ ಆ ಹೂಂ ಎಂಬುದು ಈಗ ಹೊಳೆದು, ಆ ಹೆಮ್ಮೆ ಇಳಿದುಹೋಯಿತು. ಅಮೀನಾಬೀ ಗಾಡಿ ಹೊರಡಿಸಿದಳು. ಅವನು ಹಿಂದೆಯೇ ಹೋಗಿ ಹಿಡಿಕೆಗೆ ಕೈ ಹಾಕಿದ. ಅವಳು ಬೇಡವೆನ್ನಲಿಲ್ಲ. ಅಂದು ಗಿರಣಿಗೆ ಹೋಗದೆ ಸಂಜೆಯವರೆಗೆ ಅವಳ ಪಕ್ಕದಲ್ಲಿ ನಿಂತ. ಹದಿನಾಲ್ಕು ವರ್ಷದಲ್ಲಿ ಅವನು ಆ ಬಿಸಿಲಿಗೆ ನಿಂತದ್ದು ಅದೇ ಮೊದಲು.