ಏಟಲ್ಲ, ನೆಟಿಕೆ

ಯಶವಂತಪುರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕಟಿಂಗ್ ಶಾಪ್‌ಗಳಿಗೇನೂ ಬರವಿಲ್ಲ. ಆದರೂ ಜನ ಕಾದು ಕೂತು ಫಕೀರಪ್ಪನ ಕೈಗೇ ತಲೆ ಕೊಡುತ್ತಿದ್ದರು. ಕಟಿಂಗ್‌ಗಾಗಿ ಅಲ್ಲ, ಅದು ಎಲ್ಲರ ಹಾಗೇ. ಕೊನೆಗೆ ಗದ್ದ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಲಟಕ್ಕೆಂದು ತೆಗೆಯುತ್ತಿದ್ದ ನೆಟಿಕೆಗಾಗಿ. "ನರ ಹಿಡದಿತ್ರಿ, ಬಿಡಿಸೀನಿ" ಅನ್ನುವನು. ಬಾಗಲಕೋಟೆ ಕಡೆಯಿಂದ ಬಂದವನು ಬೆಂಗಳೂರಲ್ಲಿ ಹೆಸರು ಮಾಡಿದ್ದೇ ಆ ಸದ್ದಿನಿಂದ. ಜಂಬವೂ ಸಾಕಷ್ಟಿತ್ತು, ಇಲ್ಲವೆಂದರೆ ಸುಳ್ಳಾದೀತು.

ಹೆಂಡತಿ ಚನ್ನಕ್ಕನಿಗೆ ಕತ್ತಿನ ಹಿಂದೆ ಎಡಗಡೆ ನೋವು ಶುರುವಾದಾಗ ಡಾಕ್ಟರ ಮಾತೇ ಬರಲಿಲ್ಲ. ರೊಟ್ಟಿ ಬಡಿದೂ ಬಡಿದೂ ನರ ಹಿಡಿದಿದೆ ಅಂದುಕೊಂಡ. ಎಣ್ಣೆ ಹಚ್ಚಿ, ಕೂರಿಸಿ, ನೆಟಿಕೆ ತೆಗೆದ. "ಹಗುರಾತು ನೋಡ್ರಿ" ಅಂದಳು. ಮರುದಿನ ಬೆಳಿಗ್ಗೆ ತಲೆ ಹಿಡಿದುಕೊಂಡು ಚೀರಿ, ವಾಂತಿ ಮಾಡಿಕೊಂಡು, ಒಲೆಯ ಮುಂದೆ ಬಿದ್ದಳು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಸುತ್ತ ರಕ್ತ ಸೋರಿತ್ತು. ಸದ್ಯಕ್ಕೆ ನಿಂತಿತ್ತು, ಆದರೆ ಎಲ್ಲಿಂದ ಸೋರಿತು ಅನ್ನುವುದು ಸಿಕ್ಕಿರಲಿಲ್ಲ.

"ಮತ್ತೆ ಸೋರಿದ್ರೆ ಉಳಿಸೋದು ಕಷ್ಟ. ಅಷ್ಟರೊಳಗೆ ಜಾಗ ಹುಡುಕ್ಬೇಕು" ಅಂದರು ಡಾಕ್ಟರ್ ಭಾಗ್ಯಶ್ರೀ. "ತಲೆಗೆ, ಕತ್ತಿಗೆ ಏನಾದ್ರೂ ಏಟು ಬಿದ್ದಿತ್ತಾ?"

"ಏಟು? ಇಲ್ರಿ ಮೇಡಂ."

ಬೇಕಂತ ಹೇಳಿದ ಸುಳ್ಳಲ್ಲ. ನೆಟಿಕೆಯನ್ನು ಯಾರಾದರೂ ಏಟು ಅಂತಾರೆಯೇ?

ಐಸಿಯುನಲ್ಲಿ ಚನ್ನಕ್ಕ ಅರೆಗಣ್ಣು ಬಿಟ್ಟಳು. "ರೀ, ಮತ್ತ ಹಿಡದೈತಿ. ಒಮ್ಮೆ ತೆಗೀರಲ್ಲ."

ರೂಢಿಯ ಕೈ, ತಾನೇ ಮುಂದೆ ಹೋಯಿತು. ಬೆರಳಿಗೆ ಅವಳ ಗದ್ದ ತಾಗಿದ್ದೇ ತಡ, ಕೈ ಹಿಂದಕ್ಕೆಳೆದುಕೊಂಡ. ಡಾಕ್ಟರು ಕೇಳಿದ್ದು ಇದನ್ನೇ ಅಲ್ಲವೇ? ಹೇಳಿದರೆ ಪೊಲೀಸರು ಬಂದಾರು, ಹೆಂಡತಿಯನ್ನು ಕೊಂದವನು ಅನ್ನಿಸಿಕೊಂಡೇನು ಅಂತ ಹೆದರಿದ. ಹೇಳದಿದ್ದರೆ ನಿಜಕ್ಕೂ ಕೊಂದಂತೆ. ಪಕ್ಕದ ಬೆಡ್ಡಿನ ಹತ್ತಿರವಿದ್ದ ಡಾಕ್ಟರನ್ನು ಕೂಗಿ ಕರೆದ.

"ಮೇಡಂ, ಏಟಲ್ರಿ... ನೆಟಿಗಿ ತಗದಿದ್ನಿ. ನಾನ."

ಅವರು ಬೈಯಲಿಲ್ಲ. ಸ್ಕ್ಯಾನಿನ ಫಿಲ್ಮುಗಳನ್ನು ಮತ್ತೆ ತೆಗೆಸಿ, ಈ ಸಲ ಕತ್ತಿನ ರಕ್ತನಾಳಗಳನ್ನೇ ಹುಡುಕಿ ನೋಡಿದರು. ಕತ್ತಿನ ಮೂಳೆಯ ಪಕ್ಕದಿಂದ ಮೆದುಳಿಗೆ ಹತ್ತುವ ಒಂದು ರಕ್ತನಾಳ, ತಲೆಯೊಳಗೆ ಹೊಕ್ಕ ಕಡೆ, ಒಳಪದರ ಸೀಳಿಕೊಂಡಿತ್ತು. ಪದರಗಳ ನಡುವೆ ರಕ್ತ ನುಗ್ಗಿ ಗೋಡೆ ಉಬ್ಬಿತ್ತು.

"ಇವತ್ತೇ ಈ ಎಡಗಡೆ ನಾಳ ಮುಚ್ಚಿಬಿಡ್ತೀವಿ. ಬಲಗಡೆ ನಾಳ ಚೆನ್ನಾಗಿದೆ, ಅದೊಂದೇ ಎರಡರ ಕೆಲಸ ಮಾಡುತ್ತೆ."

"ನನ್ನಿಂದನ ಆತೇನ್ರಿ?"

"ಮೊದಲೇ ಸೀಳಿದ್ದಕ್ಕೆ ನೋವು ಬಂದಿರಬಹುದು. ನಿಮ್ಮಿಂದಾನೂ ಆಗಿರಬಹುದು. ಗೊತ್ತಾಗಲ್ಲ ಫಕೀರಪ್ಪನವರೇ."

ಉಗಿದಿದ್ದರೆ ತಡೆದುಕೊಳ್ಳುತ್ತಿದ್ದ. ಈ 'ಗೊತ್ತಾಗಲ್ಲ' ಅವನನ್ನು ಇವತ್ತಿಗೂ ತಿನ್ನುತ್ತಿದೆ.

ತೊಡೆಯ ಸಂದಿನಿಂದ ಸಣ್ಣ ಕೊಳವೆ ಬಿಟ್ಟು, ಲೋಹದ ಸುರುಳಿಗಳನ್ನು ತುಂಬಿ, ಸೀಳಿದ ನಾಳವನ್ನು ಮುಚ್ಚಿದರು. ಚನ್ನಕ್ಕ ಉಳಿದಳು. ಆ ನಾಳ ರಕ್ತ ಕೊಡುತ್ತಿದ್ದ ಮೆದುಳಿನ ಬುಡಕ್ಕೆ ತುಸು ಪೆಟ್ಟಾಗಿ ದನಿ ಮಾತ್ರ ಗೊಗ್ಗರಾಗಿದೆ. ನೀರು ಕುಡಿದರೆ ಕೆಮ್ಮು.

ಅಂಗಡಿಯಲ್ಲಿ ಈಗ ನೆಟಿಕೆ ಇಲ್ಲ. "ಏನ್ ಗುರು, ಕೈಗೆ ಸೋಮಾರಿತನ ಬಂತಾ?" ಅಂತ ಹಳೇ ಗಿರಾಕಿ ಮಜೀದ್ ರೇಗಿಸಿದ. ಫಕೀರಪ್ಪ ಬಟ್ಟೆ ಕೊಡವಿ ಮುಂದಿನವರನ್ನು ಕರೆದ.

ಮೊನ್ನೆ ನಾಗಸಂದ್ರದ ಮನೆಯಲ್ಲಿ ಅವಳಿಗೆ ತಲೆ ಬಾಚುತ್ತಿದ್ದ. ಅವಳು ಮೊದಲಿನಂತೆಯೇ ಕತ್ತು ಸಡಿಲ ಬಿಟ್ಟು ತಲೆಯ ಭಾರವನ್ನೆಲ್ಲ ಅವನ ಅಂಗೈಗೆ ಒರಗಿಸಿದಳು. ಬಾಚಣಿಗೆ ಕೆಳಗೆ ಬಿತ್ತು.

"ಚನ್ನೀ, ನಿನಗೊಂದು ಹೇಳೂದೈತಿ."

"ಗೊತ್ತೈತ್ರಿ. ನೀವು ಡಾಕ್ಟರಿಗೆ ಹೇಳುವಾಗ ನನಗ ಎಚ್ಚರಿತ್ತು."

ತಲೆಯನ್ನು ಎತ್ತಲಿಲ್ಲ. "ಬಾಚ್ರಿ" ಅಂದಳು. ಅವನು ಬಾಚಣಿಗೆ ಎತ್ತಿಕೊಂಡ; ಅವಳ ತಲೆಗೆ ಆನಿಸಿದ್ದ ಅಂಗೈಯನ್ನು ಮಾತ್ರ ತೆಗೆಯಲಿಲ್ಲ.